ಒಲೆಅಟ್ಟದ ಹದಿನಾಲ್ಕು ಸೀಸೆ

ಕುಕ್ಕರ್ ಮೂರನೇ ವಿಷಲ್ ಹಾಕುವುದಕ್ಕೂ ರಹೀಂ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

“ಏನಕ್ಕ, ಬೆಳಗಾಗ್ಲೇ ಬಿರಿಯಾನಿನಾ?”

ಹಾಜಿರಾ ತಿರುಗಿ ನೋಡಲಿಲ್ಲ. ಗಡಿಯಾರ ನೋಡಿ ಸ್ಟೌ ಆರಿಸಿದಳು. ಅವಳ ತಮ್ಮ ರಹೀಂ ಈ ತಮಾಷೆಯನ್ನು ಮೂರು ವರ್ಷದಿಂದ ಮಾಡುತ್ತಿದ್ದ. ಕುಕ್ಕರಿನಲ್ಲಿ ಬೇಯುತ್ತಿದ್ದದ್ದು ಗಾಜಿನ ಸ್ಲೈಡುಗಳು. ಒಂದೊಂದು ಸ್ಲೈಡಿನ ಮೇಲೂ ಯಾವುದೋ ಹೆಂಗಸಿನ ಕೆನ್ನೆಯ ಒಳಗಿನ ಚರ್ಮ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ದು ಅಂಟಿಸಿದ್ದು. ಬಾಯಿಂದ ತೆಗೆದ ತುಣುಕನ್ನು ಕೊಳೆಯದಂತೆ ಫಾರ್ಮಲಿನ್ನಿನಲ್ಲಿ ಇಡುತ್ತಾರೆ. ಆ ಫಾರ್ಮಲಿನ್ ಒಳಗಿರುವುದನ್ನೆಲ್ಲ ಗಂಟು ಹಾಕಿದ ಹಾಗೆ ಬಿಗಿದುಬಿಡುತ್ತದೆ. ಸಿಟ್ರೇಟ್ ಬೆರೆಸಿದ ನೀರಿನಲ್ಲಿ ಮೂರು ವಿಷಲ್ ಬೇಯಿಸಿದರೆ ಗಂಟು ಸಡಿಲವಾಗುತ್ತದೆ. ಆಮೇಲೆ ಬಣ್ಣದ ಕೆಲಸ.

ಸಕಲೇಶಪುರದ ಒಂದು ಟ್ರಸ್ಟ್ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಹನ್ನೆರಡು ವರ್ಷದಿಂದ ಹಾಜಿರಾ ಇದೇ ಕೆಲಸ ಮಾಡುತ್ತಿದ್ದಳು. ಟೆಕ್ನೀಶಿಯನ್. ಪ್ರತಿ ಮಾರ್ಚಿಗೆ ಕಾಂಟ್ರಾಕ್ಟ್ ಮುಗಿಯುತ್ತಿತ್ತು, ಪ್ರತಿ ಏಪ್ರಿಲಿಗೆ ಮತ್ತೆ ಹೊಸದಾಗುತ್ತಿತ್ತು.

“ಪೇಪರ್ ನೋಡಿಲ್ವಾ?” ರಹೀಂ ಮಡಿಸಿದ್ದ ಪತ್ರಿಕೆಯನ್ನು ಮೇಜಿನ ಮೇಲೆ ಹಾಕಿದ. “ನಿಮ್ ಆಸ್ಪತ್ರೆ ಮೂರನೇ ಪುಟದಾಗೈತೆ. ನನ್ ಜೀಪಿನಾಗೆ ಇವತ್ತು ಹೆಂಗಸ್ರು ಯಾರೂ ಮಾತಾಡ್ಲಿಲ್ಲ ಕಣಕ್ಕ. ರಾಜಲಕ್ಷ್ಮಮ್ಮ ಒಬ್ರೇ ಬೈಕಂಡು ಬಂದ್ರು. ಹೆತ್ತೂರಿಂದ ಶುರು ಮಾಡಿದ್ದು ಬಸ್ ಸ್ಟ್ಯಾಂಡ್‌ವರ್ಗೂ.”

ಹಾಜಿರಾ ಕೈ ಒರೆಸಿಕೊಂಡು ಓದಿದಳು. ‘ಹೆತ್ತೂರು ಮಹಿಳೆಯರಲ್ಲಿ ಕ್ಯಾನ್ಸರ್ ತಡೆಯುವ ಕಾವಲೇ ಇಲ್ಲ! ಸಕಲೇಶಪುರ ವೈದ್ಯರ ಅಚ್ಚರಿಯ ಸಂಶೋಧನೆ.’ ಕೆಳಗೆ ಡಾಕ್ಟರ್ ಸಂಜಯ್ ಅವರ ಫೋಟೊ. ಫೋಟೊದಲ್ಲಿ ಅವರು ನಗುತ್ತಿದ್ದರು.

ಅವಳು ಎರಡು ಸಲ ಓದಿದಳು. ತಿಂಗಳಿಂದ ಅವಳು ಅನುಮಾನಿಸುತ್ತಿದ್ದ ಫಲಿತಾಂಶವೇ ಅಚ್ಚಾಗಿತ್ತು.

ಪ್ರತಿಯೊಂದು ಜೀವಕೋಶದೊಳಗೂ ಒಂದು ಪ್ರೋಟೀನ್ ಇದೆ. ಪಿ-ಐವತ್ತಮೂರು ಎಂದು ಹೆಸರು; ಪತ್ರಿಕೆಯವರು ಕಾವಲು ಎಂದದ್ದು ಇದನ್ನೇ. ಕೋಶ ಅಡ್ಡದಾರಿ ಹಿಡಿದು ಬೇಕಾಬಿಟ್ಟಿ ಬೆಳೆಯಲು ಹೊರಟರೆ ಅದನ್ನು ತಡೆದು ನಿಲ್ಲಿಸುವುದು, ನಿಲ್ಲದಿದ್ದರೆ ಸಾಯಿಸಿಯೇಬಿಡುವುದು ಇದರ ಕೆಲಸ. ಇದನ್ನು ಹುಡುಕಲು ಪ್ರತಿಕಾಯ, ಅಂದರೆ ಆಂಟಿಬಾಡಿ, ಬೇಕು. ಸಂಜೆ ಹಿಂಡು ಊರೊಳಗೆ ಬಂದಾಗ ಹಸು ಅಷ್ಟೊಂದು ಕರುಗಳ ನಡುವೆ ತನ್ನದನ್ನೇ ಮೂಸಿ ಹುಡುಕಿ ಅದರ ಪಕ್ಕ ನಿಲ್ಲುತ್ತದಲ್ಲ, ಹಾಗೆ ಪ್ರತಿಕಾಯ ಸಾವಿರ ಪ್ರೋಟೀನುಗಳ ನಡುವೆ ತನ್ನ ಒಂದನ್ನೇ ಹುಡುಕಿ ಹಿಡಿಯುತ್ತದೆ. ಅದು ಹೋಗಿ ನಿಂತ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ಮಿಕ್ಕದ್ದೆಲ್ಲ ನೀಲಿ. ಆರೋಗ್ಯದ ಚರ್ಮದಲ್ಲಿ ಕೆಳಸಾಲಿನ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಮಸುಕು ಕಂದು ಚುಕ್ಕೆ ಕಾಣುತ್ತದೆ. ಪ್ರೋಟೀನ್ ಕೆಟ್ಟು ಕೆಲಸ ಬಿಟ್ಟಿದ್ದರೆ ಅದೇ ರಾಶಿ ಬಿದ್ದು ಕಡುಕಂದಾಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಪ್ರೋಟೀನ್ ಹುಟ್ಟುವುದೇ ನಿಂತುಹೋಗಿ, ಮಚ್ಚೆಯ ಜಾಗವೆಲ್ಲ ಬರೀ ನೀಲಿಯಾಗಿ ಕಾಣುತ್ತದೆ.

ಎಲೆಯಡಿಕೆ ಜೊತೆ ತಂಬಾಕಿನ ಕಡ್ಡಿಪುಡಿ ಹಾಕುವ ಎಸ್ಟೇಟ್ ಹೆಂಗಸರ ಬಾಯಲ್ಲಿ ಬಿಳಿ ಮಚ್ಚೆ ಬರುತ್ತದೆ. ಅದರಲ್ಲಿ ಯಾವುದು ಮುಂದೆ ಕ್ಯಾನ್ಸರ್ ಆಗಬಹುದು, ಯಾವುದು ಆಗದು ಎಂದು ಮೊದಲೇ ಹೇಳಲಾದೀತೇ ಎಂಬುದು ಸಂಜಯ್ ಅವರ ಅಧ್ಯಯನ. ಆಲೂರು ಕಡೆಯಿಂದ, ಸಕಲೇಶಪುರದ ಸುತ್ತಿನಿಂದ, ಹೆತ್ತೂರಿನಿಂದ, ಒಟ್ಟು ಅರವತ್ತೆರಡು ಹೆಂಗಸರು ಒಪ್ಪಿ ಸಹಿ ಹಾಕಿ, ಅಕ್ಕಿಕಾಳಿನಷ್ಟು ತುಣುಕು ಕೊಟ್ಟಿದ್ದರು. ಕಾಯಿಲೆ ಇದೆಯೋ ಇಲ್ಲವೋ ಎಂಬ ಮಾಮೂಲಿ ವರದಿ ಆಗಲೇ ಅವರವರ ಕೈಸೇರಿತ್ತು. ಯಾರಿಗೂ ಸದ್ಯಕ್ಕೆ ಅಪಾಯವಿರಲಿಲ್ಲ. ಪ್ರತಿಕಾಯದ ಪರೀಕ್ಷೆ ಬರೀ ಅಧ್ಯಯನಕ್ಕೆ.

ನಲವತ್ತೆಂಟು ಜನರದ್ದು ಬಗೆಬಗೆಯಾಗಿ ಬಂತು. ಹೆತ್ತೂರಿನ ಹದಿನಾಲ್ಕು ಮಾತ್ರ ಹದಿನಾಲ್ಕೂ ನೀಲಿ.

“ಒಂದೇ ಹೋಬಳಿ, ಹದಿನಾಲ್ಕಕ್ಕೆ ಹದಿನಾಲ್ಕು!” ಎಂದು ಸಂಜಯ್ ಅವತ್ತು ಕುರ್ಚಿಯಿಂದ ಎದ್ದು ನಿಂತಿದ್ದರು. ಮೈಸೂರಿನವರು, ಕೆಟ್ಟ ಮನುಷ್ಯರೇನಲ್ಲ. ಆರು ವರ್ಷದಿಂದ ಐದಾರು ಕಡೆ ಅರ್ಜಿ ಬರೆದು ಬರೆದು ಈ ಎರಡು ಕೋಣೆಯ ಲ್ಯಾಬನ್ನು ಉಳಿಸಿಕೊಂಡವರು. ಅವರಿಗೆ ಇಂಥದ್ದೊಂದು ಬೇಕಾಗಿತ್ತು.

ಹಾಜಿರಾ ಮೊದಲು ಪ್ರತಿಕಾಯವನ್ನೇ ಅನುಮಾನಿಸಿದಳು. ಮಂಗಳೂರಿನಿಂದ ಐಸ್ ಪೆಟ್ಟಿಗೆಯಲ್ಲಿ ಬರುವಾಗ ಘಾಟಿಯ ದೋಣಿಗಲ್ ಹತ್ತಿರ ಯಾವುದೋ ಲಾರಿ ಮಗುಚಿ, ಆರು ಗಂಟೆ ವಾಹನಗಳ ಸಾಲಿನಲ್ಲಿ ನಿಂತಿತ್ತು ಅದು. ಆದರೆ ಅದೇ ಸೀಸೆಯ ಪ್ರತಿಕಾಯ ಆಲೂರಿನ ಸ್ಲೈಡುಗಳಲ್ಲಿ ಚೆನ್ನಾಗಿಯೇ ಬಣ್ಣ ಕೊಟ್ಟಿತ್ತು.

ಅವಳ ಅಮ್ಮಿ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತೆರಡು ವರ್ಷ ಬೀಜ ಆರಿಸಿದವಳು. ಕರಿಬೀಜ, ಒಡಕು, ಹುಳ ತಿಂದದ್ದು ಬೇರೆ ಮಾಡುವ ಕೆಲಸ. ಹೊಸ ಮೂಟೆ ಸುರಿಯುವ ಮೊದಲು ಅಮ್ಮಿ ಒಳ್ಳೆಯದೆಂದು ಗೊತ್ತಿರುವ ಬೀಜ ಒಂದು ಹಿಡಿ ತಟ್ಟೆಯ ಮೂಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮೋಡ ಕವಿದರೆ ಎಲ್ಲ ಬೀಜವೂ ಕರಿಯದಾಗಿ ಕಾಣುತ್ತದೆ. ಆಗ ಮೂಲೆಯ ಹಿಡಿ ನೋಡಬೇಕು. ಅದೂ ಕರಿಯದಾಗಿ ಕಂಡರೆ ಬೆಳಕಿನ ದೋಷ, ಮೂಟೆಯದಲ್ಲ.

ಹಾಜಿರಾ ಹದಿನಾಲ್ಕು ಸ್ಲೈಡುಗಳನ್ನೂ ಮತ್ತೆ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಈ ಸಲ ಮಚ್ಚೆ ನೋಡಲಿಲ್ಲ. ಮಚ್ಚೆಯ ಪಕ್ಕದ ಒಳ್ಳೆಯ ಚರ್ಮ ನೋಡಿದಳು. ಮಚ್ಚೆಯಲ್ಲಿ ಪ್ರೋಟೀನ್ ಸತ್ತಿರಬಹುದು, ಪಕ್ಕದ ಒಳ್ಳೆಯ ಕೋಶಗಳಲ್ಲಾದರೂ ಮಸುಕು ಚುಕ್ಕೆ ಇರಲೇಬೇಕು. ಒಂದರಲ್ಲೂ ಇರಲಿಲ್ಲ. ಬೆಳೆಯುವ ಚರ್ಮದಲ್ಲೆಲ್ಲ ಇದ್ದೇ ಇರುವ ಇನ್ನೊಂದು ಪ್ರೋಟೀನ್ ಹುಡುಕುವ ಬೇರೆ ಪ್ರತಿಕಾಯ ಹಾಕಿ ನೋಡಿದಳು. ಅದೂ ಹತ್ತಲಿಲ್ಲ. ಮೂರು ವಿಷಲ್‌ಗೆ ಬದಲು ಆರು ಕೂಗಿಸಿದಳು. ಆಗಲೂ ಬರೀ ನೀಲಿ.

ಸಂಜಯ್ ಅವರಿಗೆ ಹೇಳಿದಾಗ, “ತುಣುಕು ಚಿಕ್ಕದು ಹಾಜಿರಾ, ಪಕ್ಕದ ಚರ್ಮ ಸರಿಯಾಗಿ ಬಂದಿರಲಿಕ್ಕಿಲ್ಲ” ಎಂದಿದ್ದರು. ಅದಾಗಿ ಹತ್ತು ದಿನಕ್ಕೆ ಪತ್ರಿಕೆ.

“ಭಾನುವಾರ ಜೀಪ್ ಹೆತ್ತೂರಿಗೆ ಹೋಗುತ್ತಾ?” ಹಾಜಿರಾ ಕೇಳಿದಳು.

“ಕಾಫಿ ಕುಯ್ಲು ಅಲ್ವಾ, ಭಾನುವಾರ ಎಲ್ಲಿ ರಜ? ಯಾಕೆ, ಬತ್ತೀಯಾ?” ರಹೀಂ ನಕ್ಕ. “ಹೆಲ್ಮೆಟ್ ಹಾಕ್ಕಂಡು ಬಾ.”

* * *

ಭಾನುವಾರ ಹೆತ್ತೂರಿಗೆ ಹಿಂತಿರುಗುವ ಜೀಪಿನ ಮುಂದಿನ ಸೀಟಿನಲ್ಲಿ ರಾಜಲಕ್ಷ್ಮಮ್ಮ ಆಗಲೇ ಕೂತಿದ್ದರು. ಐವತ್ತೆಂಟು ವಯಸ್ಸು. ಹೆತ್ತೂರಿನ ಆಚೆ ಒಂದೂವರೆ ಎಕರೆ ಸ್ವಂತ ತೋಟ, ಅದರ ಕುಯ್ಲು ಮುಗಿದ ಮೇಲೆ ಹನ್ನೆರಡು ಹೆಂಗಸರ ಗುಂಪು ಕಟ್ಟಿಕೊಂಡು ಎಸ್ಟೇಟುಗಳಿಗೆ ಹೋಗುವವರು. ತುಣುಕು ತೆಗೆಯಲು ಆಸ್ಪತ್ರೆಯವರು ಆಗಸ್ಟಿನಲ್ಲಿ ಹೆತ್ತೂರಿನಲ್ಲಿ ನಡೆಸಿದ ಕ್ಯಾಂಪಿಗೆ ಅಂಜುತ್ತಿದ್ದ ಹದಿಮೂರು ಜನರನ್ನು ಎಳೆದುಕೊಂಡು ಬಂದು, ತಾವೂ ಸೇರಿ ಹದಿನಾಲ್ಕು ಬಾಯಿ ತೆರೆಸಿದ್ದೂ ಅವರೇ.

“ಬಾರವ್ವ, ಬಾ,” ಎಂದು ಸರಿದು ಜಾಗ ಮಾಡಿದರು. “ಕಾವಲಿಲ್ಲದೋರ ಪಕ್ಕ ಕೂತ್ಕಂಡ್ರೆ ನಿಂಗೇನೂ ಅಂಟಾಕಿಲ್ವಾ?”

ಹಿಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು.

“ಪೇಪರ್ನೋರಿಗೆ ನಾನು ಹೇಳ್ಲಿಲ್ಲ ರಾಜಲಕ್ಷ್ಮಮ್ಮ.”

“ಹೇಳಿದ್ಯಾರು ಅಂತ ನಾನ್ ಕೇಳಿದ್ನಾ? ನಿಜವಾ ಅಂತ ಕೇಳ್ತಿದೀನಿ.”

“ಗೊತ್ತಿಲ್ಲ. ಅದಕ್ಕೇ ಬಂದಿದೀನಿ.”

“ಗೊತ್ತಿಲ್ದೆ ಅಚ್ಚು ಹಾಕ್ಸಿದ್ರಾ?” ರಾಜಲಕ್ಷ್ಮಮ್ಮನ ದನಿ ಏರಿತು. “ನಲವತ್ತು ವರ್ಸ ಆ ಗುಡ್ಡ ಹತ್ತಿ ಇಳ್ದಿದೀನಿ. ಮೂರು ಹೆತ್ತಿದೀನಿ. ಹೋದ ವರ್ಸ ಆನೆ ಅಟ್ಟಿಸ್ಕಂಡು ಬಂದಾಗ ಈ ರಹೀಮ ಜೀಪ್ ಬುಟ್ಟು ಓಡ್ದ, ನಾನು ಓಡ್ಲಿಲ್ಲ. ಕಾವಲಿಲ್ಲದ ಮೈಯಾ ಇದು?”

“ನಾನ್ ಓಡ್ಲಿಲ್ಲಮ್ಮ, ಸಹಾಯ ಕರಿಯಕ್ಕೆ ಹೋದೆ,” ಎಂದ ರಹೀಂ.

“ಅಷ್ಟು ದೂರ ಎಡಕುಮೇರಿವರ್ಗೂ ಕರಿಯಕ್ಕೆ ಹೋಗಿದ್ಯೇನೋ!”

ಜೀಪು ತುಂಬ ನಗು. ನಗು ನಿಂತ ಮೇಲೆ ರಾಜಲಕ್ಷ್ಮಮ್ಮ ದನಿ ತಗ್ಗಿಸಿದರು. “ನಮ್ಮಣ್ಣನ ಮಗಳು ದೀಪಶ್ರೀಗೆ ಆಲೂರು ಕಡೆಯಿಂದ ಗಂಡು ಬಂದಿತ್ತು. ಮೊನ್ನೆ ಹೇಳಿ ಕಳ್ಸವ್ರೆ. ಹೆತ್ತೂರಿನ ಹೆಣ್ಣಾ, ಹಂಗಾದ್ರೆ ಟೆಸ್ಟ್ ಮಾಡ್ಸಿ ರಿಪೋರ್ಟ್ ತನ್ನಿ ಅಂತ. ಆ ಮಗೀಗೆ ಕಡ್ಡಿಪುಡಿ ವಾಸ್ನೆ ಕಂಡ್ರೇ ಆಗಾಕಿಲ್ಲ. ನಾವು ಬಾಯ್ ತೆರೆದಿದ್ದು ಯಾಕೆ? ನಮ್ ಹಿಂದೆ ಬರೋರಿಗೆ ಒಳ್ಳೇದಾಗ್ಲಿ ಅಂತ ನೀನೇ ಹೇಳಿದ್ದೆ.”

ಹೇಳಿದ್ದು ನಿಜ. ರಸ್ತೆಯ ಎರಡೂ ಕಡೆ ಒಣಗಲು ಹರಡಿದ ರೊಬಸ್ಟಾ ಹಣ್ಣಿನ ಹುಳಿವಾಸನೆ ಜೀಪಿನೊಳಗೆ ತುಂಬಿಕೊಂಡಿತು.

ಕ್ಯಾಂಪ್ ನಡೆದಿದ್ದ ಎಸ್ಟೇಟಿನ ಡಿಸ್ಪೆನ್ಸರಿ ಕೂಲಿಕಾರರ ಲೈನ್ ಮನೆಗಳ ಕೊನೆಗಿತ್ತು. ಮುಂದಿನ ಕೋಣೆ ಡಿಸ್ಪೆನ್ಸರಿ, ಹಿಂದೆ ಕಾಂಪೌಂಡರ್ ಲಿಂಗಪ್ಪನ ಸಂಸಾರ. ಮೂವತ್ತು ವರ್ಷ ಅಲ್ಲೇ ಇದ್ದು ಮಾತ್ರೆ, ಮುಲಾಮು, ಹಾವು ಕಡಿತಕ್ಕೆ ಮೊದಲ ಕಟ್ಟು ಎಲ್ಲವನ್ನೂ ನೋಡಿಕೊಂಡ ಮನುಷ್ಯ. ಕ್ಯಾಂಪಿನ ದಿನ ಸಂಜೆ ಹೆತ್ತೂರು ರಸ್ತೆಗೆ ಮರಗಳು ಬಿದ್ದು ಆಸ್ಪತ್ರೆಯ ವ್ಯಾನು ಹೇಗೋ ಜನರನ್ನು ಮಾತ್ರ ಹೊತ್ತುಕೊಂಡು ಪಾರಾಗಿತ್ತು. ಅವಸರದಲ್ಲಿ ಸೀಸೆಗಳಿದ್ದ ಪೆಟ್ಟಿಗೆ ಲಿಂಗಪ್ಪನ ಬಳಿಯೇ ಉಳಿದಿತ್ತು. ಅದು ಸಕಲೇಶಪುರ ಸೇರಿದ್ದು ಹನ್ನೊಂದು ದಿನದ ಮೇಲೆ.

“ಆ ಸೀಸೆಗಳನ್ನ ಎಲ್ಲಿಟ್ಟಿದ್ರಿ ಲಿಂಗಪ್ಪಣ್ಣ?”

“ಎಲ್ಲಿಡಬೇಕೋ ಅಲ್ಲೇ ಇಟ್ಟಿದ್ದೆ ಕಣಮ್ಮ.” ಲಿಂಗಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. “ನೀನೇ ಫೋನಲ್ಲಿ ಹೇಳಿದ್ಯಲ್ಲ, ತೇವ ತಗುಲ್ಬಾರ್ದು, ಹೋದ ಸಲ ಲೇಬಲ್ಲೆಲ್ಲ ಕಿತ್ಕಂಡು ಬಂದು ಯಾವ್ದು ಯಾರ್ದು ಅಂತ ಗೊತ್ತಾಗ್ಲಿಲ್ಲ ಅಂತ. ಬಾ, ತೋರಿಸ್ತೀನಿ.”

ಅವನು ಅವಳನ್ನು ಹಿಂದಿನ ಅಡುಗೆಮನೆಗೆ ಕರೆದುಕೊಂಡು ಹೋದ. ಒಲೆ ಉರಿಯುತ್ತಿತ್ತು. ಒಲೆಯ ನೇರಕ್ಕೆ, ಕೈಗೆ ಎಟುಕುವಷ್ಟು ಎತ್ತರದಲ್ಲಿ, ಹೊಗೆ ಹಿಡಿದು ಕಪ್ಪಾದ ಬಿದಿರಿನ ಅಟ್ಟ. ಅದರ ಮೇಲೆ ಉಪ್ಪಿನ ಮಡಕೆ, ಬೆಂಕಿಪೊಟ್ಟಣಗಳು, ಬೀಜದ ಏಲಕ್ಕಿಯ ಗಂಟು, ಒಣಮೀನು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರೇಷನ್ ಕಾರ್ಡು.

“ನನ್ ಮಗಳ ಮಾರ್ಕ್ಸ್ ಕಾರ್ಡೂ ಇಲ್ಲೇ ಇತ್ತು. ಮಳೇಲಿ ಬೂಸಲು ಹಿಡೀದೆ ಇರೋ ಜಾಗ ಈ ಮನೇಲಿ ಇದೊಂದೇ. ಅವನ್ನೆಲ್ಲ ಅತ್ಲಾಗೆ ತಳ್ಳಿ, ನಿಮ್ ಸೀಸೆ ಹದಿನಾಲ್ಕೂ ನಡುಮಧ್ಯದಾಗೆ ಇಟ್ಟೆ. ಕಾವು ಚೆನ್ನಾಗಿ ತಗಲೋ ಕಡೆ. ಹನ್ನೊಂದು ದಿವಸ ನನ್ನೆಂಡ್ತಿ ಒಲೆ ಆರಕ್ಕೆ ಬುಡ್ಲಿಲ್ಲ. ಒಂದಾದ್ರೂ ಲೇಬಲ್ ಕಿತ್ತಿತ್ತಾ ಹೇಳು?”

ಒಂದೂ ಕಿತ್ತಿರಲಿಲ್ಲ. ಸೀಸೆಗಳು ಬಂದ ದಿನ ಹಾಜಿರಾಗೆ ನೆನಪಿತ್ತು. ಹಪ್ಪಳದ ಹಾಗೆ ಗರಿಗರಿ ಲೇಬಲ್ಲುಗಳು, ಮುಚ್ಚಳದ ಮೇಲೆ ತೆಳುವಾದ ಹೊಗೆವಾಸನೆ. ಫೋನ್ ಮಾಡಿ, ಲಿಂಗಪ್ಪಣ್ಣ, ನಿಮ್ಮಷ್ಟು ಜೋಪಾನ ಯಾರೂ ಮಾಡಿಲ್ಲ ಎಂದು ಹೊಗಳಿದ್ದಳು. ಅವಳ ಅಮ್ಮಿಯೂ ಮಳೆಗಾಲದಲ್ಲಿ ಇವಳ ಎಸ್ಎಸ್ಎಲ್‌ಸಿ ಸರ್ಟಿಫಿಕೇಟನ್ನು ಒಲೆಯ ಮೇಲೆಯೇ ಇಡುತ್ತಿದ್ದಳು. ಆಗಸ್ಟಿನಲ್ಲಿ ಈ ಕಡೆಯವರಿಗೆ ತೇವ ತಗಲಬಾರದು ಎಂದು ಹೇಳಿದರೆ ಅವರು ಎಲ್ಲಿ ಇಡುತ್ತಾರೆ ಎಂಬುದು ಸಂಜಯ್ ಅವರಿಗೆ ಗೊತ್ತಿಲ್ಲದಿರಬಹುದು. ಹಾಜಿರಾಗೆ ಗೊತ್ತಿರಬೇಕಿತ್ತು.

ಬ್ಯಾಗಿನಿಂದ ಥರ್ಮಾಮೀಟರ್ ತೆಗೆದು ಬಿದಿರಿನ ಮೇಲಿಟ್ಟು ಕಾದಳು. ಐವತ್ತೊಂದು ಡಿಗ್ರಿ.

“ಲಿಂಗಪ್ಪಣ್ಣ, ಫಾರ್ಮಲಿನ್ ಒಳಗಿರೋವಾಗ ಬಿಸಿ ತಗುಲಿದ್ರೆ ಗಂಟು ಇನ್ನೂ ಬಿಗೀತದೆ. ಹನ್ನೊಂದು ದಿನ ಬಿಗಿದ ಗಂಟನ್ನ ಯಾವ ಕುಕ್ಕರ್ರಿಂದ್ಲೂ ಬಿಚ್ಚಾಕಾಗಲ್ಲ. ಪ್ರೋಟೀನ್ ಇದ್ರೂ ಪ್ರತಿಕಾಯಕ್ಕೆ ಗುರುತು ಸಿಗಲ್ಲ.”

ಲಿಂಗಪ್ಪ ಮಣೆಯ ಮೇಲೆ ಕೂತುಬಿಟ್ಟ. “ಹಂಗಾದ್ರೆ ನಾನೇ ಕೆಡಿಸ್ಬುಟ್ನಾ?”

“ನಾನು ಹೇಳಿದ್ದು, ನೀವು ಮಾಡಿದ್ದು. ಇಬ್ರೂ ಸೇರಿ.”

ಹಿತ್ತಿಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರಾಜಲಕ್ಷ್ಮಮ್ಮ ಚೌಕಟ್ಟು ಹಿಡಿದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಲೋ ಲಿಂಗಪ್ಪ! ಹದಿನಾಲ್ಕು ಜನದ ಕೆನ್ನೇನ ಒಣಮೀನಿನ ಪಕ್ಕ ಇಟ್ಟು ಹನ್ನೊಂದು ದಿನ ಹೊಗೆ ಹಾಕಿದ್ಯಲ್ಲೋ! ಆಮೇಲೆ ಈ ಡಾಕ್ಟ್ರು ರುಚಿ ಇಲ್ಲ ಅಂತ ಪೇಪರಲ್ಲಿ ಹಾಕ್ಸವ್ನೆ!”

ನಗು ತಟ್ಟನೆ ನಿಂತಿತು. “ಈಗೇನ್ ಮಾಡ್ತೀಯೆ ಹಾಜಿರಾ? ಒಳಗೊಳಗೇ ಮುಚ್ಚಾಕ್ತೀಯಾ?”

* * *

“ಒಲೆ ಮೇಲೆ?” ಸಂಜಯ್ ಕೇಳಿದರು. ಸೋಮವಾರ ಬೆಳಿಗ್ಗೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಣೆ ಉಜ್ಜಿಕೊಂಡರು. “ಇದನ್ನ ಯಾರಿಗೆ ಹೇಳಿದ್ದೀರಿ?”

“ನಿಮಗೇ ಸರ್. ಅಲ್ಲಿದ್ದೋರಿಗೆ ಗೊತ್ತು.”

“ನೋಡಿ, ಬಿಸಿ ತಗುಲಿರಬಹುದು, ಒಪ್ಪೋಣ. ಆದರೂ ಆ ಪ್ರೋಟೀನ್ ನಿಜವಾಗಿಯೂ ಇಲ್ಲದೆಯೂ ಇರಬಹುದಲ್ಲ? ಇದೆ ಅಂತ ನೀವು ಹೇಗೆ ಹೇಳ್ತೀರಿ?”

“ಇದೆ ಅಂತ ಹೇಳ್ತಿಲ್ಲ ಸರ್. ಇಲ್ಲ ಅಂತ ಹೇಳೋ ಹಾಗಿಲ್ಲ ಅಂತಿದೀನಿ.”

ಸಂಜಯ್ ಎದ್ದು ಕಿಟಕಿಯ ಬಳಿ ನಿಂತರು. ದೆಹಲಿಯ ಸಮ್ಮೇಳನಕ್ಕೆ ಮೂರು ವಾರವಿತ್ತು. ಅಲ್ಲಿ ಇದನ್ನು ಓದಿದರೆ ಮೂರು ವರ್ಷಕ್ಕೆ ಅನುದಾನ ಸಿಗುವ ಭರವಸೆ ಬಂದಿತ್ತು. ಅನುದಾನ ಬಂದರೆ ಲ್ಯಾಬು, ಲ್ಯಾಬು ಇದ್ದರೆ ಹಾಜಿರಾಳ ಕೆಲಸ. ಇದನ್ನೆಲ್ಲ ಅವರು ಸಾವಧಾನವಾಗಿಯೇ ಹೇಳಿದರು. ಹೇಳಿ, ಕಪಾಟಿನಿಂದ ಉದ್ದನೆಯ ರಿಜಿಸ್ಟರ್ ತೆಗೆದು ಅವಳ ಮುಂದೆ ಬಿಡಿಸಿಟ್ಟರು.

ಅದು ಅವಳದ್ದೇ ರಿಜಿಸ್ಟರ್. ಪ್ರತಿ ಸ್ಲೈಡಿಗೂ ಒಂದು ಸಾಲು, ಪುಟಕ್ಕೆ ಅಚ್ಚಿನ ನಂಬರು. ಕೊನೆಯ ಕಾಲಂ, ಪಕ್ಕದ ಒಳ್ಳೆಯ ಚರ್ಮದಲ್ಲಿ ಬಣ್ಣ ಸರಿಯಾಗಿ ಬಂದಿದೆಯೇ ಎಂಬುದು. ಅಲ್ಲಿ ಟೆಕ್ನೀಶಿಯನ್ ಸಹಿ ಇಲ್ಲದ ಪುಟವನ್ನು ಸಮ್ಮೇಳನದವರು ಒಪ್ಪುವುದಿಲ್ಲ, ನಕಲು ಕೇಳುತ್ತಾರೆ. ಹೆತ್ತೂರಿನ ಹದಿನಾಲ್ಕು ಸಾಲುಗಳಲ್ಲಿ ಆ ಕಾಲಂ ಖಾಲಿ ಇತ್ತು. ಅನುಮಾನ ಬಂದ ದಿನದಿಂದ ಅವಳು ತುಂಬಿರಲಿಲ್ಲ.

“ಸಹಿ ಹಾಕಿ,” ಎಂದು ಸಂಜಯ್ ಪೆನ್ನು ಕೊಟ್ಟರು. “ಮುಂದಿನ ವರ್ಷ ಹೊಸ ತುಣುಕು ತೆಗೆದು ಸರಿಪಡಿಸಿಕೊಳ್ಳೋಣ. ಈಗ ಇದು ಹೊರಗೆ ಬಂದರೆ ತಪ್ಪು ಯಾರದಾಗುತ್ತೆ ಯೋಚಿಸಿ. ಒಣಗಿಸಿಡಿ ಅಂತ ಫೋನಲ್ಲಿ ಹೇಳಿದ್ದು ನಾನಲ್ಲ. ಮಾರ್ಚ್ ಬೇರೆ ಬಂತು.”

ಹಾಜಿರಾ ಪೆನ್ನು ತೆಗೆದುಕೊಂಡಳು. ಕುರ್ಚಿ ಎಳೆದು ಕೂತಳು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ತಪ್ಪು ಅವಳದ್ದೇ. ಅದೇ ಅವಳಿಗೆ ಒಂದು ಥರದ ಧೈರ್ಯ ಕೊಟ್ಟಿತು. ತನ್ನದೇ ತಪ್ಪನ್ನು ಬರೆಯಲು ಯಾರ ಅಪ್ಪಣೆ ಬೇಕು?

ಮೊದಲ ಸಾಲಿನಲ್ಲಿ ಬರೆದಳು. ‘ಅಮಾನ್ಯ. ಪಕ್ಕದ ಚರ್ಮದಲ್ಲೂ ಬಣ್ಣವಿಲ್ಲ. ಸೀಸೆ ಹನ್ನೊಂದು ದಿನ ಒಲೆಯ ಮೇಲಿತ್ತು. ಇಡುವ ಸೂಚನೆ ಕೊಟ್ಟವಳು ನಾನು.’ ಕೆಳಗೆ ಸಹಿ. ಎರಡನೇ ಸಾಲಿನಲ್ಲೂ ಅದನ್ನೇ ಬರೆದಳು. ‘ಮೇಲಿನಂತೆ’ ಎಂದು ಹಾಕಲಿಲ್ಲ. ಹದಿನಾಲ್ಕು ಸಾಲನ್ನೂ ಪೂರ್ತಿ ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಸಂಜಯ್ ನಿಂತೇ ನೋಡುತ್ತಿದ್ದರು.

ಬರೆದು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಅವರ ಕಡೆ ತಳ್ಳಿದಳು. “ಪುಟ ಹರಿದ್ರೆ ನಂಬರ್ ತಪ್ಪುತ್ತೆ ಸರ್.”

“ಹೊರಗೆ ಹೋಗಿ,” ಎಂದರು ಸಂಜಯ್.

* * *

ಮರುದಿನದಿಂದ ಪ್ರತಿಕಾಯದ ಫ್ರಿಜ್ಜಿನ ಬೀಗದಕೈ ಹಾಜಿರಾಳ ಕೈಯಿಂದ ಹೋಯಿತು. ಅವಳಿಗೆ ಗಾಜು ತೊಳೆಯುವ ಕೆಲಸ ಕೊಟ್ಟರು. ತೊಳೆದಳು. ಮೂರು ವಾರ ಕುಕ್ಕರ್ ಕಪಾಟಿನೊಳಗಿತ್ತು. ಸಂಜಯ್ ದೆಹಲಿಗೆ ಹೋಗಲಿಲ್ಲ. ಪುಟವನ್ನು ಹರಿಯಲೂ ಇಲ್ಲ. ಎದುರು ಸಿಕ್ಕಾಗ ಗೋಡೆ ನೋಡಿಕೊಂಡು ಹೋಗುತ್ತಿದ್ದರು.

“ಕ್ಷಮೆ ಕೇಳ್ಬುಡು ಅಕ್ಕ,” ಎಂದ ರಹೀಂ ಒಂದು ದಿನ.

“ಯಾವುದಕ್ಕೆ? ಒಲೆಗಾ, ರಿಜಿಸ್ಟರಿಗಾ?”

“ನಿನ್ ಹಟ ಅಮ್ಮಿದೇ ಕಣಕ್ಕ,” ಎಂದು ರಹೀಂ ಜೀಪು ಸ್ಟಾರ್ಟ್ ಮಾಡಿದ.

ಫೆಬ್ರವರಿ ಕೊನೆಯಲ್ಲಿ ರಾಜಲಕ್ಷ್ಮಮ್ಮ ಬಂದರು. ಆರು ತಿಂಗಳಿಗೊಮ್ಮೆ ಮಚ್ಚೆ ತೋರಿಸಬೇಕೆಂದು ದಂತವೈದ್ಯರು ಹೇಳಿದ್ದರು. ಮಚ್ಚೆ ಬೆಳೆದಿರಲಿಲ್ಲ. ಆದರೂ ಇನ್ನೊಂದು ತುಣುಕು ತೆಗೆದು ನೋಡುವುದು ಒಳ್ಳೆಯದೆಂದರು. ರಾಜಲಕ್ಷ್ಮಮ್ಮ ಕುರ್ಚಿಯಲ್ಲಿ ಕೂತು ಬಾಯಿ ಬಿಗಿಯಾಗಿ ಮುಚ್ಚಿಕೊಂಡರು.

“ಬಾಯಿ ತೆಗೀರಮ್ಮ.”

ಅವರು ತಲೆಯಾಡಿಸಿದರು. ಆಮೇಲೆ ಅರ್ಧ ಬಾಯಲ್ಲಿ ಹೇಳಿದರು, “ಮೊದ್ಲು ಹಾಜಿರಾನ ಕರೀರಿ. ಅದರಾಗೆ ಅರ್ಧ ಆ ಪರೀಕ್ಷೆಗೂ ಹೋಗ್ಬೇಕು. ಅವಳೇ ಮಾಡ್ಬೇಕು. ಡಾಕ್ಟ್ರುನೂ ಕರೀರಿ, ಆ ಪೇಪರ್ ಡಾಕ್ಟ್ರು.”

ದಂತವೈದ್ಯರು ನಗು ತಡೆದುಕೊಂಡು ಫೋನ್ ಮಾಡಿದರು. ಹಾಜಿರಾ ಒದ್ದೆ ಕೈಯಲ್ಲೇ ಬಂದಳು. ಸಂಜಯ್ ಬಾಗಿಲಲ್ಲಿ ನಿಂತರು. ಒಪ್ಪಿಗೆ ಪತ್ರವನ್ನು ರಾಜಲಕ್ಷ್ಮಮ್ಮ ಗಟ್ಟಿಯಾಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ, “ಇದರಾಗೆ ಒಂದು ಕಮ್ಮಿ ಐತೆ,” ಎಂದರು. “ನಮಗೆ ಹೇಳ್ದೆ ಪೇಪರ್ನೋರಿಗೆ ಕೊಡಬಾರದು ಅಂತ ಬರ್ಕಳಿ. ಬರೆದ್ರೆ ಸಹಿ.”

ಎಲ್ಲರೂ ಸಂಜಯ್ ಮುಖ ನೋಡಿದರು. ಅವರೇ ಮುಂದೆ ಬಂದು, ಪತ್ರದ ಕೆಳಗೆ ಆ ಸಾಲು ಬರೆದರು. ಜೇಬಿನಿಂದ ಬೀಗದಕೈ ತೆಗೆದು ಹಾಜಿರಾಳ ಕಡೆ ನೋಡದೆಯೇ ಟ್ರೇಯಲ್ಲಿ ಇಟ್ಟು ಹೋದರು.

ಈ ಸಲ ಹಾಜಿರಾ ಸೀಸೆಯ ಮೇಲೆ ಪೆನ್ಸಿಲಿನಲ್ಲಿ ಹೊತ್ತು ಬರೆದಳು. ಹತ್ತು ಗಂಟೆ ನಲವತ್ತು ನಿಮಿಷ. ನೆರಳಿನಲ್ಲಿಟ್ಟಳು. ಇಪ್ಪತ್ತು ಗಂಟೆ ಕಳೆದ ಮೇಲೆ ತೆಗೆದು ಮೇಣದಲ್ಲಿ ಕೂರಿಸಿದಳು. ಅದರ ಮರುದಿನ ಕೊಯ್ದಳು. ಕುಕ್ಕರ್ ಕಪಾಟಿನಿಂದ ಹೊರಬಂತು, ಮೂರು ವಿಷಲ್ ಕೂಗಿತು. ಪ್ರತಿಕಾಯದ ಹನಿ ಹಾಕಿ ಒಂದು ಗಂಟೆ ಕಾದಳು, ತೊಳೆದಳು, ಬಣ್ಣದ ಹನಿ ಹಾಕಿದಳು.

ನಾಲ್ಕನೇ ದಿನ ಮಧ್ಯಾಹ್ನ ರಾಜಲಕ್ಷ್ಮಮ್ಮ ಆಲೂರಿನಿಂದ ಹಿಂತಿರುಗುವಾಗ ಲ್ಯಾಬಿಗೆ ಬಂದರು. ಗಂಡಿನ ಮನೆಗೆ ಹೋಗಿದ್ದರಂತೆ. “ಹೇಳ್ಬುಟ್ ಬಂದೆ. ರಿಪೋರ್ಟ್ ಕೇಳೋರಿಗೆ ನಮ್ ಹೆಣ್ಣು ಕೊಡಾಕಿಲ್ಲ, ಬೇಕಾದ್ರೆ ನಿಮ್ ಹುಡ್ಗನ ರಿಪೋರ್ಟ್ ತಂದು ತೋರ್ಸಿ, ಯೋಚ್ನೆ ಮಾಡಾಣ ಅಂದೆ. ಆ ಹೆಂಗಸು ಕಾಫಿ ಲೋಟ ಹಿಡ್ಕಂಡು ಹಂಗೇ ನಿಂತಿದ್ಲು. ಎಲ್ಲೇ ನನ್ ಕೆನ್ನೆ?”

ಹಾಜಿರಾ ಮೈಕ್ರೋಸ್ಕೋಪಿನ ಮುಂದೆ ಸ್ಟೂಲು ಎಳೆದಳು. ರಾಜಲಕ್ಷ್ಮಮ್ಮ ಒಂದು ಕಣ್ಣು ಮುಚ್ಚಿ, ಮತ್ತೆ ಇನ್ನೊಂದು ಮುಚ್ಚಿ, ಕೊನೆಗೆ ಸರಿಯಾಗಿ ಬಗ್ಗಿದರು.

“ನೀಲಿ ಸೀರೆ ಮ್ಯಾಲೆ ಕಾಫಿಪುಡಿ ಚೆಲ್ಲಿದಂಗೈತೆ.”

“ಆ ಪುಡೀನೇ ನಿಮ್ ಕಾವಲು. ಅಂಚಿನಾಗೆ, ಕೆಳಗಡೆ ಸಾಲಲ್ಲಿ. ಪಕ್ಕದ ಒಳ್ಳೆ ಚರ್ಮದಾಗೂ ಐತೆ, ಮಚ್ಚೆಯೊಳಗೂ ಐತೆ. ಎಷ್ಟಿರಬೇಕೋ ಅಷ್ಟು.”

ರಾಜಲಕ್ಷ್ಮಮ್ಮ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಇಷ್ಟು ಜನ ಒಳಗೆ ಕಾಯ್ಕಂಡು ನಿಂತವ್ರೆ,” ಎಂದರು ಮೆಲ್ಲಗೆ. “ನೀವು ಪೇಪರ್ನಾಗೆ ಇಲ್ಲ ಅಂದ್ರಲ್ಲ.” ಕಡೆಯ ಮಾತು ಹಾಜಿರಾಗೆ ಹೇಳಿದ್ದಲ್ಲ. ಸಂಜಯ್ ಒಳಗೆ ಬಂದು ಹಿಂದೆ ನಿಂತಿದ್ದರು.

ಅವರೂ ನೋಡಿದರು. ಸ್ಲೈಡನ್ನು ಈ ಕೊನೆಯಿಂದ ಆ ಕೊನೆಯವರೆಗೆ ಸರಿಸಿದರು. ಮೇಲೆದ್ದಾಗ ಮುಖ ಸ್ವಲ್ಪ ಸೊರಗಿತ್ತು. “ಇದು ಒಬ್ಬರದು ಅಮ್ಮ. ಒಂದು ಸ್ಲೈಡ್ ಇಟ್ಟುಕೊಂಡು ಎಲ್ಲರಲ್ಲೂ ಇದೆ ಅಂತ ನಾನು ಬರೆಯೋಕಾಗಲ್ಲ.”

“ಐತೆ ಅಂತ ಬರೀಬ್ಯಾಡಿ,” ಎಂದರು ರಾಜಲಕ್ಷ್ಮಮ್ಮ. “ಇಲ್ಲ ಅಂದಿದ್ದು ಸುಳ್ಳು ಅಂತ ಬರೀರಿ. ಅದಕ್ಕೆ ಎಷ್ಟು ಕೆನ್ನೆ ಬೇಕು?”

ಸಂಜಯ್ ತಮ್ಮ ಕೋಣೆಗೆ ಹೋದರು. ಅರ್ಧ ಗಂಟೆಯ ಮೇಲೆ ಒಂದು ಹಾಳೆ ತಂದು ಹಾಜಿರಾಳ ಮುಂದಿಟ್ಟರು. ಪತ್ರಿಕೆಗೆ ಬರೆದ ಪತ್ರ, ಏಳೆಂಟು ಸಾಲು. ಸೀಸೆಗಳು ಕೆಟ್ಟಿದ್ದವು, ಹೆತ್ತೂರಿನ ಬಗ್ಗೆ ಹೇಳಿದ್ದಕ್ಕೆ ಆಧಾರವಿಲ್ಲ ಎಂದಿತ್ತು. ಯಾರ ತಪ್ಪು ಎಂದಿರಲಿಲ್ಲ. ಹಾಜಿರಾ ಓದಿ, ಪೆನ್ನು ತೆಗೆದುಕೊಂಡು, ‘ಇಡುವ ಸೂಚನೆ ಲ್ಯಾಬಿನದು, ಊರಿನವರದ್ದಲ್ಲ’ ಎಂದು ಸೇರಿಸಿ ವಾಪಸು ಕೊಟ್ಟಳು. ಅವರು ಅದನ್ನು ಹೊಡೆದುಹಾಕಲಿಲ್ಲ.

“ಇನ್ನೂ ಹದಿಮೂರು ಬೇಕಾಗುತ್ತೆ,” ಎಂದರು. “ಕಾಂಟ್ರಾಕ್ಟಿನ ವಿಷಯ ಟ್ರಸ್ಟಿನವರು ಏನಂತಾರೋ ನನಗೆ ಗೊತ್ತಿಲ್ಲ. ಕೇಳ್ತೀನಿ.”

“ಕೇಳಿ ಸರ್. ಕಾಲಂ ತುಂಬೋದು ಮಾತ್ರ ನಾನೇ.”

“ಹದಿಮೂರೂ ನಾನ್ ಕರ್ಕಂಬತ್ತೀನಿ,” ಎಂದರು ರಾಜಲಕ್ಷ್ಮಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. “ಬರೋದು ಬುಡೋದು ಅವರಿಷ್ಟ, ಕೇಳೋದು ನಾನು. ಮಳೆ ಹಿಡಿಯೋಕ್ ಮುಂಚೆ ಆಗ್ಬೇಕು.”

ಅವರು ಹೋದ ಮೇಲೆ ಹಾಜಿರಾ ಹದಿಮೂರು ಸೀಸೆಗಳನ್ನು ಸಾಲಾಗಿಟ್ಟು ಲೇಬಲ್ ಬರೆಯಲು ಕೂತಳು. ಹೆಸರಿಗೆ ಜಾಗ, ತಾರೀಖಿಗೆ ಜಾಗ, ಹೊತ್ತಿಗೆ ಜಾಗ. ಅದರ ಕೆಳಗೆ, ಲಿಂಗಪ್ಪನಿಗೆ ಕನ್ನಡಕವಿಲ್ಲದೆಯೂ ಓದಲು ಬರುವಂತೆ, ದಪ್ಪ ಅಕ್ಷರದಲ್ಲಿ ಒಂದೊಂದರ ಮೇಲೂ ಬರೆದಳು: ಒದ್ದೆಯಾದರೂ ಸರಿ, ಒಲೆಯ ಮೇಲೆ ಇಡಬಾರದು.